ಚಿತ್ರದಲ್ಲಿ ಮೂವರು, ಮನೆಯಲ್ಲಿ ಒಬ್ಬಳೇ!

ಬಿನ್ನಿಪೇಟೆ ಎಂದೊಡನೆ ಬೆಂಗಳೂರಿನ ಹಳಬರಿಗೆ ನೆನಪಾಗುವುದು ಬಿನ್ನಿ ಮಿಲ್ಲಿನ ಖಾಕಿ ಬಟ್ಟೆ. 1884ರಲ್ಲಿ ಹುಟ್ಟಿದ ಆ ಗಿರಣಿ ಈಗಿಲ್ಲ. ಆ ಜಾಗದಲ್ಲಿ ಬಹುಮಹಡಿ ಮನೆಗಳೆದ್ದಿವೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ನೇಯ್ದ ಬಟ್ಟೆ ಸೈನಿಕರ ಮೈಮೇಲೇರಿತ್ತು. ಯುದ್ಧ ಅಂದರೆ ಗಡಿಯಲ್ಲಿ ಮಾತ್ರ ನಡೆಯುವುದಲ್ಲ ನೋಡಿ, ನೇಯುವ, ಬಿತ್ತುವ, ಬೇಯಿಸುವ ಕೈಗಳೂ ಅದರ ಭಾರ ಹೊರುತ್ತವೆ.

ಈ ಮಾತನ್ನೇ ಚಿತ್ರವಾಗಿಸಿದವನು ಫ್ರಾನ್ಸಿನ ಕಲಾವಿದ ಜಾರ್ಜ್ ಕಾಪೋನ್. ಮೊದಲನೇ ಮಹಾಯುದ್ಧದ ನಡುವೆ, 1917ರಲ್ಲಿ, ಯುದ್ಧಕಾಲದ ಫ್ರೆಂಚ್ ಮಹಿಳೆಯರ ಬಗೆಗಿನ ಒಂದು ಸಿನಿಮಾಕ್ಕಾಗಿ ಅವನು ಬರೆದ ಭಿತ್ತಿಚಿತ್ರ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಅದರಲ್ಲಿ ಮೂವರು ಹೆಂಗಸರು. ಒಬ್ಬಳು ಮಗುವಿಗೆ ಹಾಲೂಡಿಸುತ್ತಿದ್ದಾಳೆ, ಒಬ್ಬಳು ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದಾಳೆ, ಇನ್ನೊಬ್ಬಳು ಹೊಲದಲ್ಲಿ ದುಡಿಯುತ್ತಿದ್ದಾಳೆ. ಚಿತ್ರದಲ್ಲೇನೋ ಮೂವರು. ಆದರೆ ಗಂಡ ಯುದ್ಧಕ್ಕೆ ಹೋದ ಮನೆಯಲ್ಲಿ ಹೊರಗಿನ ದುಡಿಮೆ, ಒಳಗಿನ ಮಗು ಎರಡನ್ನೂ ನೋಡಿಕೊಂಡವಳು ಒಬ್ಬಳೇ ಅಲ್ಲವೇ?

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಪೈರು ಕೊಯ್ಲಿಗೆ ಬಂದಿತ್ತು. ಪ್ರಧಾನಿ ವಿವಿಯಾನಿ, ಗಂಡಸರು ಬಿಟ್ಟುಹೋದ ಹೊಲದ ಕೆಲಸ ಮುಗಿಸಿಕೊಡಿ ಎಂದು ಹೆಂಗಸರನ್ನು ಕೇಳಿಕೊಂಡರು. ಮುಂದೆ ಮದ್ದುಗುಂಡಿನ ಕಾರ್ಖಾನೆಗಳಲ್ಲೇ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಹೆಂಗಸರು ದುಡಿದರು. ಆಗ ಕಾರ್ಖಾನೆಯಲ್ಲೇ ಕೂಸಿನ ಪ್ರಶ್ನೆಯೂ ಎದ್ದಿತು. ನೂರಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಹಾಲೂಡಿಸಲು ಕೋಣೆ ಇರಬೇಕು, ದಿನಕ್ಕೆ ಒಂದು ಗಂಟೆ ಬಿಡುವು ಕೊಡಬೇಕು ಎಂಬ ಕಾನೂನು 1917ರಲ್ಲಿ ಬಂತು.

ಆದರೆ ಮುಂದೇನಾಯಿತು ಕೇಳಿ. 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಎರಡೇ ದಿನಕ್ಕೆ, 13ರಂದು, ಶಸ್ತ್ರಾಸ್ತ್ರ ಸಚಿವರ ಸೂಚನೆ ಹೊರಟಿತು: ಡಿಸೆಂಬರ್ 5ರೊಳಗೆ ಕಾರ್ಖಾನೆ ಬಿಡುವ ಹೆಂಗಸರಿಗೆ ಒಂದು ತಿಂಗಳ ಸಂಬಳ ಕೊಡಲಾಗುವುದು! ಬೇಕಾದಾಗ 'ದೇಶದ ಶಕ್ತಿ', ಬೇಡವಾದಾಗ 'ಇನ್ನು ಮನೆಗೆ ಹೋಗಿ'. ಓಟಿನ ಹಕ್ಕಿಗೂ ಅವರು 1944ರವರೆಗೆ ಕಾಯಬೇಕಾಯಿತು.

ಹೊಗಳಿಕೆಯ ಚಿತ್ರ ಗೋಡೆಯ ಮೇಲೆ ಚೆಂದವೇ. ಅದರ ಜೊತೆಗೆ ಹಕ್ಕೂ ಬರದಿದ್ದರೆ ಹೊಟ್ಟೆ ತುಂಬೀತೇ? ಗಿರಣಿಯಲ್ಲೋ, ಹೊಲದಲ್ಲೋ, ಮನೆಯಲ್ಲೋ ದುಡಿದ ಹಿರಿಯರು ನಿಮ್ಮಲ್ಲೂ ಇದ್ದಾರು. ಸಂಜೆ ಬತ್ತಿ ಹೊಸೆಯುತ್ತ ಕೂತಾಗ, "ಅತ್ತೆ, ನಿಮ್ಮ ಕಾಲದಲ್ಲಿ ಏನೇನು ಕೆಲಸ ಮಾಡಿದಿರಿ?" ಅಂತ ಕೇಳಿ. ಹೇಳಿದ್ದನ್ನು ಮಗಳ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಅವರ ಚಿತ್ರವನ್ನು ಯಾರೂ ಬರೆದಿಲ್ಲ. ನಾವಾದರೂ ಮಾತಿನಲ್ಲಿ ಉಳಿಸೋಣ.