ಹಳೆಯ ಧಾರಣೆಪಟ್ಟಿಯನ್ನು ಓದುವ ಬಗೆ: ರೋಣ, ನರಗುಂದದ ಹತ್ತಿಯಿಂದ ಒಂದು ಪಾಠ



ಕಾಫಿಯನ್ನು ಈಗಲೇ ಮಾರಬೇಕೇ, ಗೋದಾಮಿನಲ್ಲಿ ಇಡಬೇಕೇ? ಅಡಿಕೆ ಮಾರಿ ಉಳಿದ ಹಣವನ್ನು ಸಂಘದಲ್ಲಿ ಠೇವಣಿ ಇಡಬೇಕೇ, ಯಾವುದಾದರೂ ಕಂಪನಿಯ ಷೇರಿಗೆ ಹಾಕಬೇಕೇ? ಇಂಥ ಪ್ರಶ್ನೆ ಬಂದಾಗ ನಾವೆಲ್ಲರೂ ಮೊದಲು ನೋಡುವುದು ಹಿಂದಿನ ಧಾರಣೆಯನ್ನು. ಅದು ಸರಿಯಾದ ಕ್ರಮವೇ. ಆದರೆ ಹೆಚ್ಚಿನವರಿಗೆ 'ಹಿಂದಿನದು' ಎಂದರೆ ಕಳೆದ ಎರಡು ಮೂರು ವರ್ಷ ಮಾತ್ರ. ಪಟ್ಟಿಯಲ್ಲಿರುವ ಅಂಕಿ ಯಾವ ಅಳತೆಯದು, ಯಾವ ದರ್ಜೆಯ ಮಾಲಿನದು, ಆ ವರ್ಷ ಬೆಲೆ ಏರಲು ಕಾರಣವೇನು ಎಂದು ವಿಚಾರಿಸುವವರು ಕಡಿಮೆ. ಈ ಲೇಖನದಲ್ಲಿ ಆ ವಿಚಾರವನ್ನು ಸರಳವಾಗಿ ತಿಳಿಸಲು ಯತ್ನಿಸಿದ್ದೇವೆ. ಉದಾಹರಣೆಗೆ ಮೊದಲು ನಮ್ಮ ತೋಟಗಳಿಂದ ದೂರದ ಎರೆಭೂಮಿಗೆ ಹೋಗೋಣ. ಬೆಲೆಯ ಏರಿಳಿತದ ಪಾಠ ಅಲ್ಲಿ ಬಹಳ ಸ್ಪಷ್ಟವಾಗಿದೆ.

ಹತ್ತಿ ಚಿನ್ನವಾದ ನಾಲ್ಕು ವರ್ಷ

ರೋಣ, ನರಗುಂದ, ಗಜೇಂದ್ರಗಡಗಳು ಇಂದು ಗದಗ ಜಿಲ್ಲೆಯ ತಾಲ್ಲೂಕುಗಳು. 1997ರವರೆಗೆ ಈ ಪ್ರದೇಶ ಧಾರವಾಡ ಜಿಲ್ಲೆಗೆ ಸೇರಿತ್ತು. ಜೋಳ, ಹತ್ತಿಗಳಿಗೆ ಹೆಸರಾದ ಈ ಸೀಮೆಯ ಅರಳೆ ಹಿಂದೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಹಾಗಾಗಿಯೇ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರು ಬಂತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋಯಿತು. ಲಿವರ್‌ಪೂಲ್ ಪೇಟೆಯಲ್ಲಿ ಅಮೆರಿಕದ ಸಾಧಾರಣ ದರ್ಜೆಯ ಹತ್ತಿ 1860ರಲ್ಲಿ ಪೌಂಡಿಗೆ ಸುಮಾರು 6 ಪೆನ್ಸ್ ಇದ್ದದ್ದು, 1864ರಲ್ಲಿ 27 ಪೆನ್ಸ್ ದಾಟಿತು. ನಮ್ಮ ನಾಡಿನ ಹತ್ತಿಗೂ ಅದೇ ಪ್ರಕಾರ ಬೆಲೆ ಬಂತು. ಮುಂಬಯಿಗೆ ಹರಿದು ಬಂದ ಹಣ ಷೇರುಪೇಟೆಗೆ ನುಗ್ಗಿತು. ಬ್ಯಾಕ್ ಬೇ ಎಂಬಲ್ಲಿ ಸಮುದ್ರ ತುಂಬಿ ನೆಲ ಮಾಡಲು ಹುಟ್ಟಿದ ಕಂಪನಿಯ 5,000 ರೂಪಾಯಿಯ ಷೇರು 50,000 ರೂಪಾಯಿಯ ಸುತ್ತ ಮಾರಾಟವಾಯಿತು.

1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು, ಅದರ ಹಿಂದೆಯೇ ಷೇರುಪೇಟೆಯೂ ಕುಸಿಯಿತು. ಬ್ಯಾಂಕ್ ಆಫ್ ಬಾಂಬೆಯ ಷೇರು 2,850 ರೂಪಾಯಿ ಮುಟ್ಟಿದ್ದುದು 87 ರೂಪಾಯಿಗೆ ಇಳಿಯಿತು. ಈ ಇಳಿತವನ್ನು ತುಂಬಿಕೊಳ್ಳಲು ಬೆಲೆ ಸುಮಾರು 33 ಪಟ್ಟು ಏರಬೇಕು. ಬೆಲೆ ಅರ್ಧಕ್ಕೆ ಇಳಿದರೆ ಮೊದಲಿನ ಸ್ಥಿತಿಗೆ ಬರಲು ಎರಡು ಪಟ್ಟಾಗಬೇಕೆಂಬ ಲೆಕ್ಕವನ್ನು ನಾವು ಸದಾ ನೆನಪಿಡಬೇಕು.

1864ರಲ್ಲಿ ಹಿಂದಿನ ಮೂರು ವರ್ಷದ ಪಟ್ಟಿಯನ್ನಷ್ಟೇ ನೋಡಿದವನಿಗೆ ಬೆಲೆ ಏರುತ್ತಲೇ ಇರುವಂತೆ ಕಂಡಿರಬೇಕು. ಹತ್ತು ವರ್ಷದ ಪಟ್ಟಿಯನ್ನೂ ಅದರ ಪಕ್ಕದಲ್ಲಿ ಕಾರಣವನ್ನೂ ಬರೆದುಕೊಂಡವನಿಗೆ, ಇದು ಯುದ್ಧದ ಬೆಲೆ, ಯುದ್ಧ ಇರುವ ತನಕ ಮಾತ್ರ ಎಂಬುದು ತಿಳಿಯುತ್ತಿತ್ತು.

ಷೇರು ಪಟ್ಟಿಯ ಅಂಕಣಗಳು

ಷೇರಿನ ಹಳೆಯ ಧಾರಣೆಪಟ್ಟಿಯಲ್ಲಿ ದಿನಾಂಕದ ಮುಂದೆ ಐದು ಅಂಕಿಗಳಿರುತ್ತವೆ: ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ ಮತ್ತು ಆ ದಿನ ಕೈಬದಲಾದ ಷೇರುಗಳ ಸಂಖ್ಯೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಪಟ್ಟಿಯಲ್ಲಿ ಆವಕ, ಕನಿಷ್ಠ, ಗರಿಷ್ಠ ಎಂದು ಇರುವಂತೆಯೇ ಇದು. ಎರಡು ಚೀಲ ಒಳ್ಳೆಯ ಅಡಿಕೆಗೆ ಸಿಕ್ಕ ಗರಿಷ್ಠ ಧಾರಣೆ ಇಡೀ ಊರಿನ ಧಾರಣೆಯಲ್ಲವೆಂದು ನಮಗೆ ಗೊತ್ತು. ಅದೇ ರೀತಿ, ಕೆಲವೇ ಷೇರುಗಳು ಮಾರಾಟವಾದ ದಿನದ ಬೆಲೆಯನ್ನು ನೆಚ್ಚಬಾರದು.

ಮುಂದಿನದು ಬೋನಸ್ ಮತ್ತು ವಿಭಜನೆ. 400 ರೂಪಾಯಿಯ ಒಂದು ಷೇರಿಗೆ ಇನ್ನೊಂದು ಷೇರನ್ನು ಬೋನಸ್ ಆಗಿ ಕೊಟ್ಟರೆ ಬೆಲೆ 200ರ ಸುತ್ತಕ್ಕೆ ಬರುತ್ತದೆ. ಪಟ್ಟಿಯಲ್ಲಿ ಕುಸಿತದಂತೆ ಕಂಡರೂ ಷೇರುದಾರನಿಗೆ ನಷ್ಟವಿಲ್ಲ, ಒಂದು ಮೂಟೆಯನ್ನು ಎರಡು ಚೀಲಕ್ಕೆ ತುಂಬಿದಂತೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿ 1993ರಲ್ಲಿ ಒಂದು ಷೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ನೀಡಿತು. 1994ರಿಂದ 2018ರವರೆಗಿನ ಬೋನಸ್ ಹಾಗೂ ಮುಖಬೆಲೆಯ ವಿಭಜನೆಯಿಂದ ಅಂದಿನ 1 ಷೇರು 1,024 ಷೇರುಗಳಾಯಿತು. ಇದನ್ನು ಸರಿಹೊಂದಿಸಿದ ಪಟ್ಟಿಯಲ್ಲಿ ಅಂದಿನ 95 ರೂಪಾಯಿ ಬರೀ 9 ಪೈಸೆಯಂತೆ ಕಾಣುತ್ತದೆ. ಪಟ್ಟಿ ಸರಿಹೊಂದಿಸಿದ್ದೋ ಅಲ್ಲವೋ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಲಾಭಾಂಶವನ್ನು ಸೇರಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನೊಂದು ಎಚ್ಚರಿಕೆ. ಇಂದಿನ ಪಟ್ಟಿಯಲ್ಲಿ ಇಂದು ಉಳಿದಿರುವ ಕಂಪನಿಗಳು ಮಾತ್ರ ಇರುತ್ತವೆ. ಬ್ಯಾಕ್ ಬೇ ಕಂಪನಿಯಂತೆ ಮುಳುಗಿದವುಗಳ ಹೆಸರು ಅದರಲ್ಲಿ ಸಿಗದು. ಕೆಲವು ಹೆಸರುಗಳು ಮುಳುಗದೆಯೂ ಮರೆಯಾಗುತ್ತವೆ. ನಮಗೆಲ್ಲ ಪರಿಚಿತವಾದ ಟಾಟಾ ಕಾಫಿ 1 ಜನವರಿ 2024ರಂದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಅದರ 10 ಷೇರು ಇದ್ದವರಿಗೆ ಹೊಸ ಕಂಪನಿಯ 3 ಷೇರು ಸಿಕ್ಕವು. ಉಳಿದವರ ಏಳಿಗೆಯನ್ನಷ್ಟೇ ನೋಡಿ ಷೇರು ಎಂದರೆ ಲಾಭವೆಂದು ತಿಳಿಯುವುದು, ರೋಗ ಬಾರದ ತೋಟಗಳನ್ನು ಮಾತ್ರ ಎಣಿಸಿ ಊರಿನ ಇಳುವರಿ ಹೇಳಿದಂತೆ.

ನಮ್ಮ ಮಾಲಿನ ಪಟ್ಟಿ

ಇದೇ ಕಣ್ಣಿನಿಂದ ಕಾಫಿ, ಅಡಿಕೆಯ ಪಟ್ಟಿಯನ್ನೂ ನೋಡಬೇಕು. ಪಾರ್ಚ್‌ಮೆಂಟಿನ ಬೆಲೆಯನ್ನು ಚೆರ್ರಿಯ ಬೆಲೆಯೊಡನೆ ಹೋಲಿಸಲಾಗದು. ಹೊಸ ಚಾಲಿಯ ಸಾಲಿನಲ್ಲಿ ಹಳೆ ಚಾಲಿಯ ಅಂಕಿ ಸೇರಿದರೆ ಇಲ್ಲದ ಏರಿಕೆ ಕಾಣಿಸುತ್ತದೆ.

ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಸೂಚಿ 1997ರಲ್ಲಿ ಪೌಂಡಿಗೆ 133.9 ಸೆಂಟ್ ಇದ್ದು, 2001ರಲ್ಲಿ 45.6 ಸೆಂಟಿಗೆ ಇಳಿಯಿತು. ಅಂದರೆ ಮೂರರಲ್ಲಿ ಎರಡು ಭಾಗ ಹೋಯಿತು. ಇದನ್ನು ರೂಪಾಯಿಗೆ ತಂದು ನೋಡೋಣ. ಕಿಲೋಗೆ 2.2 ಪೌಂಡ್. ಡಾಲರಿನ ಬೆಲೆ 1997ರಲ್ಲಿ ಸುಮಾರು 36 ರೂಪಾಯಿ, 2001ರಲ್ಲಿ ಸುಮಾರು 47 ರೂಪಾಯಿ. ಲೆಕ್ಕ ಹಾಕಿದರೆ ಕಿಲೋಗೆ 106 ರೂಪಾಯಿ ಇದ್ದದ್ದು 47 ರೂಪಾಯಿ ಆಯಿತು. ಇಳಿತ ಶೇಕಡ 66ರ ಬದಲು ಶೇಕಡ 56. ಒಂದೇ ಕುಸಿತ, ಎರಡು ಅಳತೆ. ಆ ಸೂಚಿಯ ವಾರ್ಷಿಕ ಸರಾಸರಿ 1997ರ ಮಟ್ಟವನ್ನು ಮತ್ತೆ ದಾಟಿದ್ದು 2010ರಲ್ಲಿ. ನಡುವೆ 13 ವರ್ಷ ಕಳೆದವು. ಬೆಲೆ ಎಷ್ಟು ಇಳಿಯಬಹುದು ಎಂಬುದರ ಜೊತೆಗೆ ಎಷ್ಟು ಕಾಲ ಇಳಿದಿರಬಹುದು ಎಂಬುದನ್ನೂ ಹಳೆಯ ಪಟ್ಟಿಯೇ ಹೇಳಬಲ್ಲದು.

'ದಾಖಲೆ ಬೆಲೆ' ಎಂಬ ಮಾತನ್ನೂ ತೂಗಿ ನೋಡಬೇಕು. 1975ರ ಜುಲೈಯಲ್ಲಿ ಬ್ರೆಜಿಲಿನಲ್ಲಿ ಬಿದ್ದ ಹಿಮದಿಂದ ಗಿಡಗಳು ಸುಟ್ಟುಹೋಗಿ, 1977ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್ ದಾಟಿತು. ಆ ದಾಖಲೆ ಮುರಿದದ್ದು 2024ರ ಡಿಸೆಂಬರಿನಲ್ಲಿ. 2025ರ ಫೆಬ್ರವರಿಯಲ್ಲಿ ಬೆಲೆ 4 ಡಾಲರನ್ನೂ ಮೀರಿತು. ಆದರೆ ಹಣದ ಬೆಲೆ ಇಳಿದದ್ದನ್ನು ಗಣನೆಗೆ ತಂದರೆ 1977ರ ಬೆಲೆಯೇ ಬಹಳ ಮೇಲಿದೆ. ಒಂದು ಚೀಲ ಕಾಫಿ ಅಥವಾ ಒಂದು ಕ್ವಿಂಟಲ್ ಅಡಿಕೆಗೆ ಅಂದು ಎಷ್ಟು ಆಳಿನ ಕೂಲಿ ಹುಟ್ಟುತ್ತಿತ್ತು, ಇಂದು ಎಷ್ಟು ಹುಟ್ಟುತ್ತದೆ ಎಂದು ನೋಡುವುದು ನಮ್ಮಂಥವರಿಗೆ ಸುಲಭದ ಅಳತೆಗೋಲು.

ಕಾರಣಗಳಲ್ಲಿಯೂ ಭೇದವಿದೆ. ಹಿಮ, ಯುದ್ಧ ಮುಂತಾದವು ಕೆಲವು ವರ್ಷಗಳಲ್ಲಿ ಕಳೆದುಹೋಗುತ್ತವೆ. ವ್ಯವಸ್ಥೆಯೇ ಬದಲಾದರೆ ಹಳೆಯ ಪಟ್ಟಿಯ ಬಳಕೆ ಕಡಿಮೆ. 1989ರ ಜುಲೈಯಲ್ಲಿ ಕಾಫಿಯ ಅಂತರರಾಷ್ಟ್ರೀಯ ಕೋಟಾ ಪದ್ಧತಿ ನಿಂತಿತು. 1996ರಲ್ಲಿ ಬೆಳೆಗಾರನಿಗೆ ತನ್ನ ಕಾಫಿಯನ್ನೆಲ್ಲ ಮುಕ್ತವಾಗಿ ಮಾರುವ ಹಕ್ಕು ಬಂತು. ಮಂಡಳಿಯ ಪೂಲಿನ ಕಾಲದ ಧಾರಣೆಯನ್ನು ಅನಂತರದ ಧಾರಣೆಯೊಡನೆ ಒಂದೇ ಸಾಲಿನಲ್ಲಿ ಓದುವುದು ಸಲ್ಲದು. ಅಡಿಕೆಯಲ್ಲಿ 1970ರ ಆಸುಪಾಸಿನ ಕುಸಿತದ ಬಳಿಕ 1973ರ ಜುಲೈಯಲ್ಲಿ ಕ್ಯಾಂಪ್ಕೊ ಹುಟ್ಟಿತು. ಆ ಸಂಸ್ಥೆ ಖರೀದಿಗೆ ನಿಂತ ಮೇಲಿನ ಪೇಟೆಯೇ ಬೇರೆ.

ಬೆಲೆ ಇಳಿದರೂ ಸಾಲ ಇಳಿಯದು

ಇಷ್ಟೆಲ್ಲ ಲೆಕ್ಕ ಯಾಕೆ ಬೇಕೆಂಬುದಕ್ಕೆ ನರಗುಂದದ ಕಡೆಯೇ ಇನ್ನೊಂದು ಉತ್ತರವಿದೆ. 1972ರಲ್ಲಿ ಡಾ. ಬಿ.ಎಚ್. ಕಟರಕಿಯವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಹತ್ತಿ ಬಂತು. ಮಲಪ್ರಭಾ ಕಾಲುವೆಯ ನೀರೂ ಬಂತು. ರೈತರು ಹೊಸ ಹತ್ತಿಯನ್ನು ಉತ್ಸಾಹದಿಂದ ಬೆಳೆದರು. ಕೆಲವು ವರ್ಷ ಒಳ್ಳೆಯ ಬೆಲೆಯೂ ಸಿಕ್ಕಿತು. ಅನಂತರ ಬೆಲೆ ಕುಸಿಯಿತು. ಆದರೆ ನೀರಿನ ಕರ, ಅಭಿವೃದ್ಧಿ ಕರ, ಸಾಲಗಳು ಇದ್ದಲ್ಲಿಯೇ ಇದ್ದವು. ಆ ಸಂಕಟವೇ ಚಳವಳಿಯಾಗಿ, 21 ಜುಲೈ 1980ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನವರೆಗೆ ಹೋಯಿತು. ರೈತರು ಪ್ರಾಣ ಕಳೆದುಕೊಂಡರು. ಅದಕ್ಕೆ ಹಲವು ಕಾರಣಗಳಿದ್ದವು. ಒಳ್ಳೆಯ ವರ್ಷದ ಬೆಲೆಗೆ ತಕ್ಕಂತೆ ಹೊರೆ ಹೊತ್ತವನು ಕೆಟ್ಟ ವರ್ಷದಲ್ಲಿ ಏನಾಗುತ್ತಾನೆ ಎಂಬುದು ಅವುಗಳಲ್ಲಿ ಒಂದು.

ಇಂದು ಕಾಫಿ, ಅಡಿಕೆಗಳ ಒಳ್ಳೆಯ ಧಾರಣೆಯನ್ನು ಕಂಡು ಹೊಸ ತೋಟಕ್ಕೂ ಷೇರಿಗೂ ಸಾಲ ಮಾಡುವ ಉತ್ಸಾಹ ನಮ್ಮಲ್ಲಿಯೂ ಕಾಣುತ್ತಿದೆ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಆಗ ಇಂದಿನ ಧಾರಣೆ ಇರುತ್ತದೆಂದು ಯಾವ ಪಟ್ಟಿಯೂ ಹೇಳದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸಲಹೆ ಇಷ್ಟು:

1. ಒಂದು ನೋಟುಪುಸ್ತಕದಲ್ಲಿ ವರ್ಷ, ದರ್ಜೆ, ಅಳತೆ, ಧಾರಣೆ, ಆಳಿನ ಕೂಲಿ, ಕಾರಣ ಎಂದು ಆರು ಅಂಕಣ ಹಾಕಿ ಬರೆದಿಡಿ. ತಾವು ಮಾರಿದ ಚೀಟಿಗಳೇ ಇದಕ್ಕೆ ಸಾಕು.

2. ಕಡಿಮೆಯೆಂದರೆ 15 ವರ್ಷದ ಅಂಕಿ ಇರಲಿ. ಅದರಲ್ಲಿ ಒಂದಾದರೂ ದೊಡ್ಡ ಕುಸಿತ ಸೇರಿರಲಿ.

3. ಸಾಲ ಮಾಡುವ ಮುನ್ನ ಆ ಪಟ್ಟಿಯ ಅತಿ ಕೆಳಗಿನ ಮೂರು ವರ್ಷದ ಧಾರಣೆಯಲ್ಲಿ ಕಂತು ತೀರಿಸಲು ಆಗುವುದೇ ಎಂದು ಲೆಕ್ಕ ಹಾಕಿ. ಆಗದಿದ್ದರೆ ಸಾಲವನ್ನು ಕಿರಿದು ಮಾಡಿ.

4. ಬೆಳೆಸಾಲದ ಹಣವನ್ನು ಷೇರಿಗೆ ಹಾಕಬೇಡಿ. ಹಾಕುವುದಿದ್ದರೆ ಹತ್ತು ವರ್ಷ ಮುಟ್ಟದೆ ಇರಬಹುದಾದ ಉಳಿತಾಯದಿಂದ ಮಾತ್ರ ಹಾಕಿ.

ಸಂಘದ ಹಳೆಯ ಖರೀದಿ ಪುಸ್ತಕಗಳು ಕಚೇರಿಯ ವೇಳೆಯಲ್ಲಿ ಸದಸ್ಯರಿಗೆ ನೋಡಲು ದೊರೆಯುತ್ತವೆ. ಪಟ್ಟಿ ಬರೆದುಕೊಳ್ಳಲು ಬರುವವರಿಗೆ ಸಿಬ್ಬಂದಿ ನೆರವಾಗುವರು.

— ಕಾರ್ಯದರ್ಶಿ