ಗಟ್ಟಿಮರದ ಆಮದು: ಎರಡು ದೇಶಗಳನ್ನು ಹೋಲಿಸುವುದು ಹೇಗೆ?

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಳೆಯ ಮನೆಯೊಂದನ್ನು ನೆನೆಯಿರಿ. ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದಿ ಪರಸಿ. ಇವೆರಡೂ ಸುತ್ತಲಿನ ಗಣಿಗಳಲ್ಲೇ ದೊರೆಯುತ್ತವೆ. ಬಾಗಿಲ ಚೌಕಟ್ಟಿನ ಸಾಗವಾನಿ ಎಲ್ಲಿಯದು? ಇಂದು ಕೊಂಡದ್ದಾದರೆ ಅದು ಹಡಗಿನಲ್ಲಿ ಬಂದಿರಲೂಬಹುದು.

ಸಾಗವಾನಿ, ಮತ್ತಿ, ಹೊನ್ನೆಯಂಥ ಅಗಲ ಎಲೆಯ ಮರಗಳನ್ನು ಗಟ್ಟಿಮರ ಎನ್ನುತ್ತಾರೆ. ಪೈನ್, ದೇವದಾರು ಮೃದುಮರಗಳು. ಉಷ್ಣವಲಯದ ಗಟ್ಟಿಮರವನ್ನು ಹೇರಳವಾಗಿ ತರಿಸಿಕೊಳ್ಳುವ ದೇಶಗಳಲ್ಲಿ ಭಾರತ, ಚೀನಾ ಎರಡೂ ಸೇರಿವೆ. ಇವುಗಳ ಆಮದು ಮೌಲ್ಯವನ್ನು ವರ್ಷವಾರು ಗುರುತಿಸಿ ಎರಡು ಗೆರೆ ಎಳೆದ ರೇಖಾಚಿತ್ರ ದೂರದರ್ಶನದ ತೆರೆಯ ಮೇಲೆ ಕ್ಷಣದಲ್ಲಿ ಸರಿದುಹೋಗುತ್ತದೆ. ಇಲ್ಲಿ ನಿಧಾನವಾಗಿ ನೋಡೋಣ. ನಾಲ್ಕು ಪ್ರಶ್ನೆ ಕೇಳಬೇಕು.

ಮೊದಲನೆಯದು, ಏರಿದ್ದು ಮರವೋ, ಬೆಲೆಯೋ? ವಾಡಿಯಿಂದ 50 ಕಿಲೋದ ನೂರು ಚೀಲ ಸಿಮೆಂಟು ತರಿಸಿದಿರಿ ಎನ್ನಿ. ಮರುವರ್ಷ ದರ ಏರಿದರೆ ಬಿಲ್ಲೂ ಏರುತ್ತದೆ. ಚೀಲ ಮಾತ್ರ ನೂರೇ. ಆದ್ದರಿಂದ ಮೌಲ್ಯದ ಪಕ್ಕದಲ್ಲಿ ಘನ ಮೀಟರ್ ಲೆಕ್ಕವೂ ಇರಬೇಕು.

ಎರಡನೆಯದು, ಸರಕು ಒಂದೇ ಬಗೆಯದೇ? ಗಣಿಯ ಒರಟು ಕಲ್ಲಿಗೂ ಹೊಳಪು ಕೊಟ್ಟ ಪರಸಿಗೂ ಒಂದೇ ದರವಿಲ್ಲ. ಹಾಗೆಯೇ ದಿಮ್ಮಿ ಬೇರೆ, ಕೊಯ್ದ ಹಲಗೆ ಬೇರೆ. ಗ್ಯಾಬನ್ 2010ರಲ್ಲಿ, ಮ್ಯಾನ್ಮಾರ್ 2014ರಲ್ಲಿ ದಿಮ್ಮಿಯ ರಫ್ತನ್ನು ನಿಷೇಧಿಸಿದವು. ಇಂಥ ನಿಷೇಧದ ನಂತರ ಆ ದೇಶದ ಮರ ಹಲಗೆಯಾಗಿ ಬರುತ್ತದೆ. ದಿಮ್ಮಿಯ ಗೆರೆ ಕುಸಿದರೂ ಒಟ್ಟು ಮರ ಅಷ್ಟೇ ಕುಸಿಯಿತೆಂದು ಹೇಳಲಾಗದು.

ಮೂರನೆಯದು, ಲೆಕ್ಕ ಯಾವ ನಾಣ್ಯದಲ್ಲಿದೆ? 1990ರಲ್ಲಿ ಡಾಲರಿಗೆ ಸುಮಾರು 17.5 ರೂಪಾಯಿ, 2000ದಲ್ಲಿ ಸುಮಾರು 45. ನೂರು ಡಾಲರಿನ ಮರ 1,750 ರೂಪಾಯಿಯಿಂದ 4,500ಕ್ಕೆ ಏರಿದಂತೆ ಕಾಣುತ್ತದೆ, ಒಂದು ತುಂಡೂ ಹೆಚ್ಚದೆ! ಎರಡು ದೇಶಗಳಿಗೂ ಒಂದೇ ನಾಣ್ಯವಿರಲಿ.

ನಾಲ್ಕನೆಯದು, ಆರಂಭ ಎಲ್ಲಿಂದ? ಒಂದು ದೇಶದ ಆಮದು 100ರಿಂದ 200ಕ್ಕೆ, ಇನ್ನೊಂದರದು 1,000ದಿಂದ 1,500ಕ್ಕೆ ಏರಿತೆಂದು ಊಹಿಸಿ. ಹೆಚ್ಚಳ ಎರಡನೆಯದರದೇ ದೊಡ್ಡದು. ಆದರೆ ಆಧಾರ ವರ್ಷವನ್ನು 100 ಎಂದಿಟ್ಟರೆ ಮೊದಲನೆಯದರ ಸೂಚ್ಯಂಕ 200, ಎರಡನೆಯದರದು 150. ಎರಡೂ ಮಾತು ನಿಜ. ಯಾವುದನ್ನು ಹೇಳುತ್ತಿದ್ದೇವೆಂದು ತಿಳಿಸಬೇಕು.

ಇಷ್ಟಾದ ಮೇಲೆ ಕಾರಣ ಹುಡುಕಬಹುದು. 1996ರ ಡಿಸೆಂಬರ್ 12ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯಬಾರದೆಂದು ಆದೇಶಿಸಿತು. 1998ರ ಯಾಂಗ್‌ತ್ಸೆ ಪ್ರವಾಹದ ನಂತರ ಚೀನಾ ಕೂಡ ಆ ನದಿಯ ಮೇಲ್ಭಾಗದ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ತಡೆಯಿತು. ಕಾಡಿಗೆ ಬೇಲಿ ಬಿತ್ತು. ಬಾಗಿಲು, ಮಂಚದ ಬೇಡಿಕೆಗೆ ಬೀಳಲಿಲ್ಲ. ಕೊರತೆಯ ಒಂದು ಪಾಲನ್ನು ಆಮದು ತುಂಬಿತು.

ನಮ್ಮ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅದು ಉಳಿಯಲೇಬೇಕು. ಆದರೆ ನಮ್ಮ ಚೌಕಟ್ಟಿಗೆ ಬೇಕಾದ ಮರವನ್ನು ಇನ್ನಾವುದೋ ದೇಶದ ಕಾಡು ಕೊಡುತ್ತಿದ್ದರೆ, ಆ ಕಡಿತವನ್ನೂ ನಮ್ಮ ಲೆಕ್ಕಕ್ಕೇ ಬರೆದುಕೊಳ್ಳಬೇಕು. ಮುಂದೆ ಇಂಥ ರೇಖಾಚಿತ್ರ ಕಂಡಾಗ ಈ ನಾಲ್ಕು ಪ್ರಶ್ನೆಗಳ ಜೊತೆಗೆ ಐದನೆಯದನ್ನೂ ಕೇಳಿ: ಈ ಮರ ನಿಂತಿದ್ದುದು ಎಲ್ಲಿ?