ಪಟ್ಟಣದ ಹೊರಗೆ ಒಂದು ರಾತ್ರಿ

ದೂರ ಪ್ರಯಾಣಕ್ಕೆ ಹೊರಡುವ ಗೃಹಸ್ಥನು ಬುತ್ತಿ, ಬಟ್ಟೆ, ಔಷಧಿಗಳನ್ನು ಬಹಳ ಎಚ್ಚರಿಕೆಯಿಂದ ಕಟ್ಟಿಸುತ್ತಾನೆ. ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಮಾತ್ರ ದಾರಿಗೇ ಬಿಟ್ಟುಬಿಡುತ್ತಾನೆ. “ಎಲ್ಲಾದರೂ ಸಿಕ್ಕೀತು” ಎಂಬುದು ವಾಡಿಕೆಯ ಮಾತು. ಸಿಕ್ಕುವುದೇನೋ ನಿಜ. ಆದರೆ ನಡುರಾತ್ರಿ ಸಿಕ್ಕಿದ ಕೋಣೆಗೆ ಕೇಳಿದಷ್ಟು ಬಾಡಿಗೆ ತೆರಬೇಕಾಗುತ್ತದೆ. ಮಕ್ಕಳು ಅಳುತ್ತಿರುವಾಗ, ವೃದ್ಧರು ಬಳಲಿರುವಾಗ ಚೌಕಾಸಿ ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ಆದುದರಿಂದ ತಂಗುವ ಸ್ಥಳದ ಆಲೋಚನೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳತಕ್ಕದ್ದು ಎಂಬುದನ್ನು ವಾಚಕರಿಗೆ ಬಿನ್ನವಿಸಬಯಸುತ್ತೇವೆ.

ಹಿಂದಿನವರಿಗೆ ಈ ಆಲೋಚನೆಯ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಅದನ್ನು ಅವರ ಎತ್ತುಗಳೇ ಮಾಡುತ್ತಿದ್ದುವು. ಎತ್ತು ದಣಿದಲ್ಲಿ ಬಂಡಿಯ ಕೊರಳು ಬಿಚ್ಚುವುದು, ಅಲ್ಲಿಯೇ ಬಿಡಾರ. ಅಂತಹ ದೂರಗಳನ್ನು ನೋಡಿಕೊಂಡೇ ಧರ್ಮಿಷ್ಠರು ಛತ್ರಗಳನ್ನೂ ಅರವಟ್ಟಿಗೆಗಳನ್ನೂ ಕಟ್ಟಿಸಿದರು. ಮೋಟಾರು ಬಂದಮೇಲೆ ಆ ಎಲ್ಲೆ ಅಳಿಸಿಹೋಯಿತು. ಯಂತ್ರಕ್ಕೆ ದಣಿವಿಲ್ಲ, ದಣಿವು ಅದನ್ನು ನಡೆಸುವವನಿಗೆ. ಎತ್ತು ದಣಿದರೆ ನಿಂತುಬಿಡುತ್ತದೆ; ಮನುಷ್ಯನು ದಣಿದರೂ, ಊರು ಸಮೀಪವಾಯಿತೆಂಬ ಆಸೆಯಿಂದ, ನಿಲ್ಲದೆ ಹೋಗುತ್ತಾನೆ. ಅಪಾಯವಿರುವುದು ಇಲ್ಲಿಯೇ.

ಉದಾಹರಣೆಗೆ ನಮ್ಮಲ್ಲಿ ಬಹುಮಂದಿ ಮಾಡುವ ಒಂದು ಪ್ರಯಾಣವನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಕಡೆಯ ಕುಟುಂಬವೊಂದು ಮನೆಯ ಹಿರಿಯರನ್ನು ವೈದ್ಯರಿಗೆ ತೋರಿಸುವುದಕ್ಕೋ, ಮಗಳನ್ನು ಕಾಲೇಜಿಗೆ ಸೇರಿಸುವುದಕ್ಕೋ ಸ್ವಂತ ಕಾರಿನಲ್ಲಿ ಬೆಂಗಳೂರಿಗೆ ಹೊರಡುತ್ತದೆ. ಹಿಂದೆ 4ನೆಯ ಸಂಖ್ಯೆಯಿಂದ ಕರೆಯುತ್ತಿದ್ದ, ಈಗ 48ನೆಯ ಸಂಖ್ಯೆಯದಾಗಿರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ದಾರಿ ಸುಮಾರು 410 ಕಿಲೋಮೀಟರು. ಮನೆಯ ಕೆಲಸಗಳನ್ನೆಲ್ಲ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಹೊರಟರೆ, ಕಾಫಿ ಉಪಾಹಾರಗಳಿಗೆ ನಿಂತುಕೊಂಡು, ರಾತ್ರಿ ಎಂಟರ ಸುಮಾರಿಗೆ ತುಮಕೂರು. ಉಳಿದದ್ದು ಕೇವಲ 70 ಕಿಲೋಮೀಟರು. “ಇಷ್ಟು ದೂರ ಬಂದವರು ಇನ್ನಿಷ್ಟು ಹೋಗಲಾರೆವೇ?” ಎಂಬ ಪ್ರಶ್ನೆ ಆಗ ಏಳುತ್ತದೆ.

ಆ 70 ಕಿಲೋಮೀಟರಿನಲ್ಲಿ ನೆಲಮಂಗಲದವರೆಗಿನ ಭಾಗ ಸರಾಗ. ಅಲ್ಲಿ ಹಾಸನ, ಮಂಗಳೂರುಗಳ ಹೆದ್ದಾರಿಯೂ ಬಂದು ಕೂಡಿಕೊಳ್ಳುತ್ತದೆ. ಭಾರಿ ಲಾರಿಗಳಿಗೆ ಹಗಲಿನ ಗೊತ್ತಾದ ವೇಳೆಗಳಲ್ಲಿ ನಗರಪ್ರವೇಶವಿಲ್ಲವಾದ್ದರಿಂದ ಅವೆಲ್ಲ ರಾತ್ರಿಯ ಹೊತ್ತು ಸಾಲುಗಟ್ಟುತ್ತವೆ. ಇವುಗಳ ನಡುವೆ ನುಸುಳಿ, ಪೀಣ್ಯ ಯಶವಂತಪುರಗಳನ್ನು ದಾಟಿ, ಪರಿಚಯವಿಲ್ಲದ ಬಡಾವಣೆಯೊಂದರಲ್ಲಿ ವಸತಿಗೃಹವನ್ನು ಹುಡುಕಿ ಒಳಗೆ ಕಾಲಿಡುವ ವೇಳೆಗೆ ಹತ್ತು ಗಂಟೆ ಮೀರಿರುತ್ತದೆ.

ಬೆಳಗಿನ ಐದಕ್ಕೆ ಎದ್ದ ಯಜಮಾನನು ರಾತ್ರಿ ಹತ್ತಕ್ಕೆ 17 ಗಂಟೆ ಎಚ್ಚರವಾಗಿದ್ದಂತಾಯಿತು. 1997ರಲ್ಲಿ ಆಸ್ಟ್ರೇಲಿಯ ದೇಶದ ವಿಜ್ಞಾನಿಗಳು ಇಂತಹ ಎಚ್ಚರವನ್ನು ಪರೀಕ್ಷಿಸಿದರು. ಸುಮಾರು 17 ಗಂಟೆ ನಿದ್ದೆಯಿಲ್ಲದವನ ಕೈಕಣ್ಣುಗಳ ಚುರುಕು, ನೂರು ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನಷ್ಟೇ ಕುಗ್ಗಿರುತ್ತದೆಂದು ಅವರು ಕಂಡರು. ನಮ್ಮ ದೇಶದ ಮೋಟಾರು ಕಾಯಿದೆಯು 30 ಮಿಲಿಗ್ರಾಂ ಮೀರಿದವನನ್ನೇ ಅಪರಾಧಿಯೆಂದು ಹಿಡಿಯುತ್ತದೆ. ಒಂದು ತೊಟ್ಟು ಮದ್ಯವನ್ನೂ ಮುಟ್ಟದ ಸದ್ಗೃಹಸ್ಥನು, ತನ್ನ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಕುಡಿದವನ ಸ್ಥಿತಿಯಲ್ಲಿ ಲಾರಿಗಳ ನಡುವೆ ಬಂಡಿ ನಡೆಸುತ್ತಿರುತ್ತಾನೆ. ತಡೆದು ಕೇಳುವ ಪೋಲೀಸರು ಇದಕ್ಕಿಲ್ಲ. ತಾನೇ ತನ್ನನ್ನು ತಡೆದುಕೊಳ್ಳಬೇಕು.

ಆದುದರಿಂದ ಪಟ್ಟಣದ ಹೊರಗೆ ನಿಲ್ಲುವುದು ಹಣದ ಉಳಿತಾಯಕ್ಕಾಗಿ ಮಾತ್ರವಲ್ಲ. ಅಗ್ಗವೆಂಬುದನ್ನು ಮೊದಲು ಬಂಡಿ ನಡೆಸುವವನ ನಿದ್ದೆಯಿಂದ ಅಳೆಯಬೇಕು, ಅನಂತರ ಬಾಡಿಗೆಯಿಂದ. ಯಾವ ಕೋಣೆಯಲ್ಲಿ ಅವನಿಗೆ ಏಳು ಗಂಟೆಯ ನಿದ್ದೆ ದೊರೆಯುವುದೋ ಅದೇ ಅಗ್ಗದ ಕೋಣೆ.

ಇನ್ನು ಎಲ್ಲಿ ನಿಲ್ಲಬೇಕು? ಬೆಂಗಳೂರಿಗೆ ಸುಮಾರು 200 ಕಿಲೋಮೀಟರಿರುವಾಗ ಚಿತ್ರದುರ್ಗ, 160 ಇರುವಾಗ ಹಿರಿಯೂರು, 120 ಇರುವಾಗ ಶಿರಾ, 70 ಇರುವಾಗ ತುಮಕೂರು, 50 ಇರುವಾಗ ದಾಬಸ್‌ಪೇಟೆ, 30ಕ್ಕೂ ಕಡಮೆ ಇರುವಾಗ ನೆಲಮಂಗಲ. ಚಿತ್ರದುರ್ಗವು ಬಿಡುವಾಗಿ ಹೊರಟವರಿಗೆ ಯೋಗ್ಯ. ಮರುದಿನ ಬೆಳಗ್ಗೆ ಮಕ್ಕಳಿಗೆ ಕೋಟೆಯನ್ನು ತೋರಿಸಬಹುದು, ಆದರೆ ಬೆಳಗಿನ ಕೆಲಸಕ್ಕೆ ಬೆಂಗಳೂರನ್ನು ಮುಟ್ಟಲಾಗದು. ನೆಲಮಂಗಲವು ದೂರದಲ್ಲಿ ಅನುಕೂಲ. ಆದರೆ ಗೋದಾಮುಗಳೂ ಲಾರಿಗಳೂ ತುಂಬಿದ ಸ್ಥಳವಾದ್ದರಿಂದ ನಿಶ್ಶಬ್ದವಾದ ಕೋಣೆಯನ್ನು ಹುಡುಕಬೇಕಾಗುತ್ತದೆ. ಇವೆರಡರ ನಡುವೆ ತುಮಕೂರೇ ಕುಟುಂಬದವರಿಗೆ ಉತ್ತಮವೆಂದು ನಮ್ಮ ಅಭಿಪ್ರಾಯ. ಅದು ಜಿಲ್ಲೆಯ ಮುಖ್ಯ ಪಟ್ಟಣ. ನಡುರಾತ್ರಿ ವೃದ್ಧರಿಗೆ ಏನಾದರೂ ಆದರೆ ದೊಡ್ಡ ಆಸ್ಪತ್ರೆಗಳುಂಟು, ಔಷಧದ ಅಂಗಡಿಗಳುಂಟು, ಬೆಂಗಳೂರಿಗೆ ರೈಲುಗಳುಂಟು. ಪಕ್ಕದ ಕ್ಯಾತಸಂದ್ರದ ತಟ್ಟೆ ಇಡ್ಲಿಯಂತೂ ಹೆಸರಾದದ್ದು; ಬೆಳಗಿನ ಉಪಾಹಾರಕ್ಕೆ ಬೇರೆ ಚಿಂತೆ ಬೇಡ.

ಕ್ಯಾತಸಂದ್ರದ ಬಳಿಯಲ್ಲಿಯೇ ಸಿದ್ಧಗಂಗೆಯ ಮಠವಿದೆ. ಅಲ್ಲಿನ ಅನ್ನದಾಸೋಹವು ನಾಡಿಗೆಲ್ಲ ತಿಳಿದದ್ದು. ದರ್ಶನಕ್ಕೆ ಹೋಗಿ ಪ್ರಸಾದವನ್ನು ಸ್ವೀಕರಿಸುವುದು ಉಚಿತವೇ. ಆದರೆ ಕೈಲಾಗುವ ಗೃಹಸ್ಥರು ಧರ್ಮಸ್ಥಳಗಳನ್ನು ಖರ್ಚಿಲ್ಲದ ಹೋಟೆಲುಗಳೆಂದು ಎಣಿಸಬಾರದು. ಅಲ್ಲಿನ ಚಾಪೆಯೂ ಅನ್ನವೂ ಇಲ್ಲದವರಿಗೆ ಮೊದಲು ಸಲ್ಲತಕ್ಕವು.

ಹೊರಗೆ ತಂಗುವುದು ಅಗ್ಗವೆಂದು ತಿಳಿದು ಕೆಲವರು ಅಲ್ಲಿಯೇ ಮೂರು ನಾಲ್ಕು ರಾತ್ರಿ ಉಳಿದು, ದಿನವೂ ನಗರಕ್ಕೆ ಹೋಗಿಬರುತ್ತಾರೆ. ಇದು ಲೆಕ್ಕ ತಪ್ಪಿದ ಉಳಿತಾಯ. ತುಮಕೂರಿನಿಂದ ಹೋಗಿಬರಲು 140 ಕಿಲೋಮೀಟರು. ಲೀಟರಿಗೆ 14 ಕಿಲೋಮೀಟರು ಓಡುವ ಕಾರಿಗೆ 10 ಲೀಟರು ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ ದಿನಕ್ಕೆ 1,000 ರೂಪಾಯಿ ಹೊಗೆಯಾಗಿ ಹೋಯಿತು. ಹೆದ್ದಾರಿಯ ಸುಂಕ ಬೇರೆ. 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಒಂದು ಸಲದ ಸುಂಕದ ಒಂದೂವರೆಯಷ್ಟು, ಆ ವೇಳೆ ಮೀರಿದರೆ ಎರಡರಷ್ಟು. ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲಿ ಕಳೆಯುವುದು ರೋಗಿಗೆ ಹಿತವೂ ಅಲ್ಲ. ಹೊರಗಿನ ರಾತ್ರಿಯು ಬರುವ ದಿನಕ್ಕೆ. ಕೆಲಸ ಹಲವು ದಿನದ್ದಾದರೆ ಮರುದಿನ ಹಗಲು ಬೆಳಕಿನಲ್ಲಿ, ಕೆಲಸದ ಸ್ಥಳಕ್ಕೆ ಹತ್ತಿರವಾಗಿ ಕೋಣೆಯನ್ನು ನೋಡಿಕೊಳ್ಳುವುದೇ ಮೇಲು.

ಕೋಣೆಯನ್ನು ಆರಿಸುವಾಗ ಗಮನಿಸತಕ್ಕ ಸಂಗತಿಗಳು ಕೆಲವುಂಟು. ಹಣ ಕೊಡುವ ಮೊದಲು ಕೋಣೆಯನ್ನು ಮನೆಯ ಹೆಂಗಸರು ಒಮ್ಮೆ ನೋಡಲಿ. ಬಾಗಿಲ ಅಗುಳಿ, ಸ್ನಾನದ ಮನೆಯ ನೀರು, ಕಿಟಕಿಯ ಸೊಳ್ಳೆಬಲೆ, ಹಾಸಿಗೆಯ ಬಟ್ಟೆ—ಇವನ್ನು ಅವರ ಕಣ್ಣು ಒಂದೇ ನಿಮಿಷದಲ್ಲಿ ತೂಗಿನೋಡುತ್ತದೆ. ಹೆದ್ದಾರಿಗೆ ಮುಖವಾದ ಕೋಣೆಗಿಂತ ಹಿಂಬದಿಯದು ನಿದ್ದೆಗೆ ಲೇಸು. ವೃದ್ಧರಿದ್ದರೆ ನೆಲದ ಅಂತಸ್ತನ್ನೇ ಕೇಳಬೇಕು. ಕಾರು ಆವರಣದೊಳಗೆ ನಿಲ್ಲುವಂತಿರಬೇಕು.

ಬಾಡಿಗೆಯ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಬಿಡಬೇಕು. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗೆ ಮೀರದ ಕೋಣೆಗಳ ಮೇಲಿನ ತೆರಿಗೆಯು ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಮಕ್ಕಳಿಗೆ ಹೆಚ್ಚಿನ ಹಾಸಿಗೆ ಬೇಕಾದರೆ ಎಷ್ಟು? ಕೋಣೆಯನ್ನು ಬಿಡುವುದು 24 ಗಂಟೆಯ ಲೆಕ್ಕವೋ, ಗೊತ್ತಾದ ಹೊತ್ತಿಗೋ? ಈ ಕೊನೆಯದು ಮುಖ್ಯ. ರಾತ್ರಿ ಎಂಟಕ್ಕೆ ಬಂದವರು ರೋಗಿಯನ್ನು ಮಧ್ಯಾಹ್ನದವರೆಗೂ ಮಲಗಿಸಬೇಕಾಗಬಹುದು. ದರದ ಪಟ್ಟಿಯನ್ನು ಪ್ರಯಾಣಿಕರಿಗೆ ಕಾಣುವಂತೆ ಇಡಬೇಕೆಂಬುದು 1867ರ ಸರಾಯಿಗಳ ಕಾಯಿದೆಯಲ್ಲಿಯೇ ಸೇರಿತ್ತು. ಆದುದರಿಂದ ದರವನ್ನು ವಿಚಾರಿಸುವುದರಲ್ಲಿ ಸಂಕೋಚವೇತಕ್ಕೆ? ಗುರುತಿನ ಚೀಟಿಯನ್ನು ಎಲ್ಲರೂ ಕೇಳುತ್ತಾರೆ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯನ್ನು ಮೊದಲೇ ತೆಗೆಸಿಟ್ಟುಕೊಂಡಿರುವುದು ಜಾಣತನ.

ಬಾಡಿಗೆಯ ಕಾರಿನಲ್ಲಿ ಬರುವವರಿಗೆ ಇನ್ನೊಂದು ಮಾತು. ಎಷ್ಟೋ ಕುಟುಂಬಗಳು ತಮಗೆ ಒಳ್ಳೆಯ ಕೋಣೆಯನ್ನು ಹಿಡಿದು, ಚಾಲಕನನ್ನು ಕಾರಿನ ಆಸನದಲ್ಲಿಯೇ ಮಲಗಲು ಬಿಡುತ್ತವೆ. ಸೊಳ್ಳೆ, ಸೆಕೆ, ಮುದುಡಿದ ಕಾಲು. ಅವನಿಗೆ ನಿದ್ದೆಯೆಲ್ಲಿಂದ ಬರಬೇಕು? ಮರುದಿನ ಅದೇ ಮನುಷ್ಯನ ಕೈಯಲ್ಲಿ ಇಡೀ ಮನೆಯ ಪ್ರಾಣವನ್ನು ಇಡುತ್ತೇವೆ. ಅವನಿಗೂ ಒಂದು ಹಾಸಿಗೆ, ಒಂದು ಫ್ಯಾನು, ಒಂದು ಹೊತ್ತಿನ ಬಿಸಿಯೂಟವನ್ನು ಗೊತ್ತುಮಾಡುವುದು ದಯೆಯಷ್ಟೇ ಅಲ್ಲ, ಸ್ವಂತ ಹಿತವೂ ಹೌದು. ಕೋಣೆಯ ದರವನ್ನು ವಿಚಾರಿಸುವಾಗಲೇ “ಚಾಲಕನಿಗೆ ಮಲಗಲು ಸ್ಥಳವುಂಟೇ?” ಎಂದು ಕೇಳತಕ್ಕದ್ದು. ಇಲ್ಲವೆಂದರೆ, ಆ ಸ್ಥಳವು ಎಷ್ಟೇ ಅಗ್ಗವಾಗಿದ್ದರೂ ಮುಂದಕ್ಕೆ ಸಾಗತಕ್ಕದ್ದು.

ಬೆಳಗ್ಗೆ ಐದು ಗಂಟೆ ಕಳೆದಮೇಲೆ ಹೊರಡುವುದು ಸರಿ. ರಾತ್ರಿ ಎರಡರಿಂದ ಬೆಳಗಿನ ಐದು ಆರರವರೆಗೆ ದೇಹವು ನಿದ್ದೆಯನ್ನೇ ಬಯಸುವ ಕಾಲ. ದಟ್ಟಣೆ ಕಡಮೆಯೆಂದು ಮೂರಕ್ಕೇ ಎದ್ದು ಓಡುವುದು ಜಾಣತನವಲ್ಲ. ನಗರದೊಳಗೆ ಕಾರು ನಡೆಸಲು ಅಂಜುವವರಿಗೆ ಈಗ ಬೇರೊಂದು ದಾರಿಯೂ ಇದೆ. 2024ರ ನವೆಂಬರಿನಿಂದ ಮೆಟ್ರೋ ರೈಲಿನ ಹಸಿರು ಮಾರ್ಗವು ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಅಲ್ಲಿ ಹತ್ತಿದವರು ವಿಕ್ಟೋರಿಯಾ ಆಸ್ಪತ್ರೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಬಹುದು. ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗತಕ್ಕವರು ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಇತರ ತುರ್ತಿಗೆ 112. ಈ ಎರಡು ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಬೇಕು.

ಒಂದು ರಾತ್ರಿಯ ಬಾಡಿಗೆಯನ್ನು ಉಳಿಸಿದೆವೆಂಬ ಸಂತೋಷವು ಒಂದು ದಿನದ್ದು. ಹಿರಿಯರನ್ನು ಸುಖವಾಗಿ ವೈದ್ಯರ ಮುಂದೆ ಕೂರಿಸಿ, ಎಲ್ಲರೂ ಕ್ಷೇಮವಾಗಿ ಮನೆಗೆ ಮರಳಿದರೆ ಅದರ ಬೆಲೆಯನ್ನು ಯಾವ ದರದ ಪಟ್ಟಿಯಲ್ಲಿಯೂ ಕಾಣೆವು. ಪ್ರಯಾಣದ ಖರ್ಚಿನ ಚೀಟಿಯನ್ನು ಬರೆಯುವಾಗ ಪೆಟ್ರೋಲಿನ ಸಾಲಿಗಿಂತ ಮೇಲೆ, ಮೊದಲ ಸಾಲಾಗಿ, ಈ ರಾತ್ರಿಯ ತಂಗುವಿಕೆಯನ್ನು ಬರೆದಿಡಬೇಕೆಂದು ನಮ್ಮ ವಾಚಕರಲ್ಲಿ ಪ್ರಾರ್ಥನೆ.